ಲೈನ್‌ಮ್ಯಾನ್‌ರ ಬಾಡಿಗೆ ಕಂಪ್ಯೂಟರು

ಲೈನ್‌ಮ್ಯಾನ್ ಕಾಣಿಯೂರಿನಲ್ಲಿ ನಮ್ಮ ಆಚೆಮನೆಗೆ ಬಾಡಿಗೆಗೆ ಬಂದಾಗ ನನಗೆ ಅರವತ್ತೆಂಟು ವರ್ಷ. ಅದಾಗಿ ಈಗ ಏಳು ವರ್ಷ. ನಾನು ಮೊದಲು ನೋಡಿದ್ದು ಅವರ ಪಾದಗಳನ್ನು. ಎರಡೂ ಪಾದ ಒಳಕ್ಕೆ ತಿರುಗಿದ್ದವು. ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಜಗಳವಾದ ಹಾಗೆ ದೂರ ನಿಂತಿತ್ತು. ಮೂವತ್ತು ಚಿಲ್ಲರೆ ವರ್ಷ ಟೆಲಿಫೋನ್ ಕಂಬ ಹತ್ತಿದ ಪಾದ. ಅಂಗಳದಲ್ಲಿ ಸುಮ್ಮನೆ ನಿಂತರೂ ಯಾವುದೋ ಕಂಬವನ್ನು ಅಪ್ಪಿಕೊಂಡ ಹಾಗೆ ಕಾಣುತ್ತಿತ್ತು.

ನಾನು ಮೂರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು. ತರಕಾರಿ ಬೀಜ ತೆಗೆದಿಡುವುದು, ಕೇಳಿದವರಿಗೆ ಕೊಡುವುದು, ನನಗೆ ಗೊತ್ತಿರುವುದು ಅಷ್ಟೇ. ಯಾರನ್ನೂ ಸುಮ್ಮನೆ ಹೊಗಳಿದವಳಲ್ಲ. ನನ್ನ ಗಂಡನನ್ನು ಅವರು ಬದುಕಿದ್ದಾಗಲೂ ಹೊಗಳಲಿಲ್ಲ, ಹೋದ ಮೇಲೂ ಹೊಗಳಲಿಲ್ಲ. ಆದರೆ ಈ ಮನುಷ್ಯನ ಮುಂದೆ ನಾನು ಬಾಯಿ ತೆರೆದು ಕುಳಿತದ್ದುಂಟು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಅವರಿಗೆ ಮದುವೆಯಾಗಿರಲಿಲ್ಲ. ಪೆನ್ಶನ್ ಆದ ಮೇಲೆ ಒಂದು ಟ್ರಂಕು, ಒಂದು ಏಣಿ, ಒಂದು ಕಂಪ್ಯೂಟರು ಹಿಡಿದುಕೊಂಡು ಬಂದರು. ಕಿವಿಯ ಮೇಲೆ ಯಾವಾಗಲೂ ಪೆನ್ಸಿಲಿನ ತುಂಡು. ದಾರಿಯಲ್ಲಿ ಎಲ್ಲಿ ವಯರು ಜೋತಾಡುವುದು ಕಂಡರೂ ನಿಂತು ನೋಡದೆ ಮುಂದೆ ಹೋಗುತ್ತಿರಲಿಲ್ಲ. ಕಪ್ಪು ಚಾ ಕುಡಿಯುತ್ತಿದ್ದರು, ಬೆಲ್ಲದ ತುಂಡನ್ನು ಬೇರೆಯೇ ಕಚ್ಚಿಕೊಂಡು. ಯಾವ ಕೆಲಸ ಹೇಳಿದರೂ "ಆಗುದಿಲ್ಲ" ಎನ್ನುತ್ತಿರಲಿಲ್ಲ, "ನೋಡುವ" ಎನ್ನುತ್ತಿದ್ದರು. ಹೇಳಿದ ಮೇಲೆ ನೋಡಿಯೇ ನೋಡುತ್ತಿದ್ದರು. ನನಗಿಂತ ಆರು ವರ್ಷಕ್ಕೆ ಚಿಕ್ಕವರು, ಹಾಗಾಗಿ ನಾನು ಅಕ್ಕ. ಅವರ ಹೆಸರನ್ನು ನಾವು ಯಾರೂ ಹಿಡಿದು ಕರೆದದ್ದಿಲ್ಲ. ಲೈನ್‌ಮ್ಯಾನ್ ಎಂದರೆ ಅವರೇ.

ಎಲ್ಲ ಶುರುವಾದದ್ದು ಟೈಲರಿನಿಂದ. ನಮ್ಮ ಮನೆಯ ಕೆಳಗೆ ರಸ್ತೆ ಬದಿಯಲ್ಲಿ ಹೊಲಿಗೆ ಮೆಶಿನ್ ಇಟ್ಟುಕೊಂಡ ಹೆಂಗಸು. ನಲವತ್ತರ ಹತ್ತಿರ ವಯಸ್ಸು. ಅವಳ ಗಂಡ ಟೆಂಪೊ ಓಡಿಸುತ್ತಿದ್ದವನು, ಎದೆನೋವು ಬಂದು ಹೋದ. ಅವನ ಫೋಟೊ, ಅವನು ಫೋನಿನಲ್ಲಿ ಮಾತಾಡಿ ಕಳಿಸಿದ್ದು, ಎಲ್ಲವೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟುಕೊಳ್ಳುವ ಯಾವುದೋ ಒಂದು ಕಡೆ ಇತ್ತಂತೆ. ಒಂದು ದಿನ ಆ ಪುಕ್ಕಟೆಯವರು ಬಾಗಿಲು ಹಾಕಿದರು. ಕಾರಣ ಹೇಳಲಿಲ್ಲ. ಕೇಳಲು ಹೋಗೋಣವೆಂದರೆ ಅವರಿಗೆ ಒಂದು ಅಂಗಡಿ ಇಲ್ಲ, ಒಂದು ಮುಖ ಇಲ್ಲ. ಇವಳು ಹೊಲಿಯುವುದನ್ನು ಬಿಟ್ಟು ಮೆಶಿನಿನ ಮೇಲೆ ತಲೆ ಇಟ್ಟು ಕುಳಿತಿದ್ದಳು.

ಅಕ್ಕಪಕ್ಕದವರೆಲ್ಲ ಸಮಾಧಾನ ಹೇಳಿದರು. ಲೈನ್‌ಮ್ಯಾನ್ ಹೇಳಲಿಲ್ಲ. ಅವರು ಕೇಳಿದ್ದು ಒಂದೇ.

"ಅವನ ಸ್ವರ ಇನ್ನು ಯಾರ ಫೋನಿನಲ್ಲಿ ಉಂಟು?"

"ಯಾರಲ್ಲಿಯೂ ಇಲ್ಲ."

"ಇಲ್ಲ ಅಂತ ಹೇಳಬೇಡ. ಗೊತ್ತಿಲ್ಲ ಅಂತ ಹೇಳು. ನೋಡುವ."

ಹದಿನೈದು ದಿನ ಅವರು ಅದೇ ಕೆಲಸದಲ್ಲಿದ್ದರು. ಗಂಡನ ದೋಸ್ತಿಗಳು ಯಾರು, ಯಾರ ಹತ್ತಿರ ಹಳೇ ಫೋನು ಉಂಟು ಎಂದು ಕೇಳುತ್ತಾ ಹೋದರು. ಕೊನೆಗೆ ಕಡಬದ ಒಬ್ಬ ರಿಕ್ಷಾದವನ ಫೋನಿನಲ್ಲಿ ಸಿಕ್ಕಿತು. ಗ್ಲಾಸು ಒಡೆದು ಮೂಲೆಗೆ ಬಿದ್ದ ಫೋನು. ಒಂದೇ ಒಂದು ಮಾತು ಉಳಿದಿತ್ತು: "ಹೋಯ್, ನನ್ನ ಹೆಂಡತಿ ಫೋನ್ ತೆಗೆಯುದಿಲ್ಲ ಮಾರಾಯ. ಆ ಕಡೆ ಹೋಗುವಾಗ ಕೇಳು, ಬಂಗುಡೆ ತರುದಾ, ಬೂತಾಯಿ ತರುದಾ ಅಂತ."

ಅಷ್ಟೇ. ಎರಡು ಮೀನಿನ ಹೆಸರು. ಲೈನ್‌ಮ್ಯಾನ್ ಅದನ್ನು ತಂದು ಕೇಳಿಸಿದಾಗ ಟೈಲರ್ "ಬೂತಾಯಿ" ಎಂದು ಉತ್ತರ ಕೊಟ್ಟಳು. ಆಮೇಲೆ ಅದನ್ನು ಕೇಳಿದಾಗಲೆಲ್ಲ ಉತ್ತರ ಕೊಡುವುದು ಅವಳ ಕ್ರಮವೇ ಆಯಿತು.

ಅದಾದ ವಾರದಲ್ಲಿ ಲೈನ್‌ಮ್ಯಾನ್ ಬಾಡಿಗೆ ಕಂಪ್ಯೂಟರು ಹಿಡಿದರು. ನನಗೆ ಅವರು ಹೇಳಿಕೊಟ್ಟದ್ದು ಹೀಗೆ. ಎಲ್ಲೋ ದೂರದ ಊರಿನ ದೊಡ್ಡ ಕಟ್ಟಡದಲ್ಲಿ, ಕರೆಂಟು ಹೋಗದ ಜಾಗದಲ್ಲಿ, ಸಾವಿರ ಕಂಪ್ಯೂಟರುಗಳಿರುತ್ತವೆ. ಅದರ ಒಂದು ಮೂಲೆಯನ್ನು ತಿಂಗಳ ಬಾಡಿಗೆಗೆ ಕೊಡುತ್ತಾರೆ. ಕ್ಲೌಡ್ ಸರ್ವರ್ ಎಂದು ಅದರ ಹೆಸರು. ಒಳಗೆ ಎಂತ ಇಡುವುದು, ಎಂತ ನಡೆಸುವುದು, ಯಾರಿಗೆ ಬಾಗಿಲು ತೆರೆಯುವುದು, ಎಲ್ಲ ಬಾಡಿಗೆ ಹಿಡಿದವರ ಇಷ್ಟ.

"ನಿಮ್ಮ ಕೋಣೆಯಲ್ಲೇ ಇಟ್ಟರೆ ಆಗುದಿಲ್ಲವಾ? ಕಂಪ್ಯೂಟರು ಉಂಟಲ್ಲ," ಎಂದೆ.

"ಸಿಡಿಲಿಗೆ ನಮ್ಮ ಊರಿನ ವಿಳಾಸ ಗೊತ್ತುಂಟು ಅಕ್ಕ. ನಾನು ಎಷ್ಟು ಕರಟಿದ ಪೆಟ್ಟಿಗೆ ಬಿಚ್ಚಿದ್ದೇನೆ ಅಂತ ಲೆಕ್ಕ ಇಲ್ಲ."

"ಬಾಡಿಗೆಯವರೂ ಒಂದು ದಿನ ಬಾಗಿಲು ಹಾಕಿದರೆ?"

ಅವರು ಬೆಲ್ಲ ಕಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಹಾಕ್ತಾರೆ. ಅದಕ್ಕೇ ಬಾಡಿಗೆ ಅಂಗಳದಲ್ಲಿ ನಾನು ಬಸಳೆ ನೆಡ್ತೇನೆ, ತೆಂಗು ನೆಡುದಿಲ್ಲ."

ಈ ಸುದ್ದಿ ಹಬ್ಬಿತು. ಒಂದು ಆದಿತ್ಯವಾರ ಮಧ್ಯಾಹ್ನ ಹತ್ತಿರದ ಹದಿನಾಲ್ಕು ಮನೆಯವರು ನಮ್ಮ ಜಗಲಿಯಲ್ಲಿ ಸೇರಿದರು. ನಮ್ಮದೂ ಇಡಿ, ನಮ್ಮದೂ ಇಡಿ ಎಂದು. ಹಾಲಿನ ಸೊಸೈಟಿಯ ಸೆಕ್ರೆಟರಿ ಎಲ್ಲರಿಗಿಂತ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಲೈನ್‌ಮ್ಯಾನ್ ಕೆಳಗೆ, ಮೆಟ್ಟಿಲಿನ ಮೇಲೆ. ಕೈಯಲ್ಲಿ ಒಂದು ಹಳೆ ಕ್ಯಾಲೆಂಡರಿನ ಹಾಳೆ, ಕಿವಿಯಿಂದ ತೆಗೆದ ಪೆನ್ಸಿಲು.

"ಎರಡೇ ಪ್ರಶ್ನೆ ಕೇಳ್ತೇನೆ," ಎಂದರು. "ಇದು ಹೋದರೆ ಯಾರು ಅಳ್ತಾರೆ? ಬೆಳಿಗ್ಗೆ ಎದ್ದು ಇದನ್ನು ನೋಡಿಕೊಳ್ಳುವವರು ಯಾರು? ಎರಡಕ್ಕೂ ಉತ್ತರ ಇದ್ದರೆ ಇಡುವ."

ಸೆಕ್ರೆಟರಿ ಸಿನೆಮಾದಿಂದ ಶುರುಮಾಡಿದರು. "ಸಿನೆಮಾ ಹಾಕುವ ಮಾರಾಯ್ರೆ. ಎಲ್ಲರೂ ಅವರವರ ಮನೆಯಲ್ಲೇ ನೋಡಬಹುದು."

"ಹೋದರೆ ಯಾರು ಅಳ್ತಾರೆ?"

"ಸಿನೆಮಾ ಹೋದರೆ ಯಾರಾದರೂ ಅಳ್ತಾರಾ?"

"ಹಾಗಾದರೆ ಬೇಡ."

"ಸೊಸೈಟಿಯ ಹೆಸರಿನಲ್ಲಿ ನಮ್ಮದೇ ಇ-ಮೇಲ್?"

"ಅದು ಬೇಡವೇ ಬೇಡ. ಅಂಚೆ ಕಚೇರಿ ತೆರೆಯುದು ಸುಲಭ. ನಮ್ಮ ಕಾಗದವನ್ನು ಬೇರೆ ಅಂಚೆಯವರು ನಂಬಬೇಕಲ್ಲ. ಅವರು ಕಸಕ್ಕೆ ಹಾಕಿದರೆ ನಿಮಗೆ ಗೊತ್ತೂ ಆಗುದಿಲ್ಲ. ಅದನ್ನು ದೊಡ್ಡವರಲ್ಲೇ ಬಿಡಿ."

ಒಬ್ಬರು ಪಹಣಿ ಪತ್ರ ಎಂದರು. ಸರ್ಕಾರ ಇಟ್ಟುಕೊಂಡದ್ದನ್ನು ನಾವು ಯಾಕೆ ಕಾಯುವುದು ಎಂದರು ಲೈನ್‌ಮ್ಯಾನ್. ಇನ್ನೊಬ್ಬರು, ಹದಿನಾಲ್ಕು ಮನೆಯವರು ಮಾತಾಡಿಕೊಳ್ಳಲು ನಮ್ಮದೇ ಒಂದು ಗುಂಪು ಎಂದರು. ಜಗಳವನ್ನು ಜೋಪಾನ ಮಾಡುವುದು ಬೇಡ ಎಂದರು. ಬ್ಯಾಂಕಿನ, ಫೋನಿನ ಪಾಸ್‌ವರ್ಡುಗಳನ್ನೆಲ್ಲ ಒಂದು ಕಡೆ ಇಡುವುದು ಉಂಟಂತೆ, ಅದನ್ನಾದರೂ ಮಾಡಿ ಎಂದು ಸೆಕ್ರೆಟರಿ ಹಟಹಿಡಿದರು. ಆಗ ಲೈನ್‌ಮ್ಯಾನ್ ಹಾಳೆಯನ್ನು ಮೊಣಕಾಲ ಮೇಲೆ ಇಟ್ಟರು.

"ಇದಕ್ಕೆ ಅಳುವವರು ಇದ್ದಾರೆ. ಆದರೆ ಊರಿನ ಬೀಗದ ಕೈಗಳನ್ನೆಲ್ಲ ನನ್ನ ಒಂದು ಕೋಣೆಯಲ್ಲಿ ತೂಗಿಸಬೇಡಿ. ನಾನು ಒಂದು ಕಡೆ ಜಾರಿದರೆ ಹದಿನಾಲ್ಕು ಮನೆ ತೆರೆದು ಬೀಳ್ತದೆ."

"ಎಲ್ಲವೂ ಬೇಡ ಅಂದರೆ ನೀವು ಬಾಡಿಗೆ ಕೊಡುದು ಯಾಕೆ ಮಾರಾಯ್ರೆ? ಜಾಗ ಇನ್ನೂ ಉಂಟಲ್ಲ?"

"ಜಾಗ ಉಂಟು. ನನ್ನ ಬೆಳಿಗ್ಗೆ ಒಂದೇ ಇರುದು. ಒಳಗೆ ಒಂದು ಸೇರಿದರೆ ಹಟ್ಟಿಗೆ ಒಂದು ದನ ಸೇರಿದ ಹಾಗೆ. ದಿನಾ ಹುಲ್ಲು ಹಾಕಬೇಕು, ಸಗಣಿ ತೆಗೆಯಬೇಕು. ಬಾಗಿಲು ಸರಿ ಹಾಕಿದೆಯಾ ಅಂತ ನೋಡಬೇಕು."

ಕೈಯಲ್ಲಿ ವಿದ್ಯೆ ಇದ್ದವರು ಅದನ್ನು ತೋರಿಸಲು ಹೊರಡುತ್ತಾರೆ. ನಾನು ಕಂಡದ್ದು ಹಾಗೆ. ಈ ಮನುಷ್ಯ ಎಲ್ಲ ಮಾಡಲು ಗೊತ್ತಿದ್ದೂ ಬೇಡ ಬೇಡ ಎಂದು ಗೆರೆ ಹೊಡೆಯುತ್ತಾ ಹೋದರು. ಹಾಳೆ ತುಂಬ ಗೆರೆ. ಬೇಡ ಎನ್ನುವುದಕ್ಕೂ ಇಷ್ಟು ತಿಳುವಳಿಕೆ ಬೇಕು ಎಂದು ನನಗೆ ಆ ದಿನ ಗೊತ್ತಾಯಿತು.

ಕೊನೆಗೆ ಉಳಿದದ್ದು ಎರಡು. ಫೋಟೊ ಮತ್ತು ಸ್ವರ, ಇದು ಒಂದು. ಹೊಳೆಯಿಂದ ಎತ್ತುವ ನೀರಿನ ಪಾಳಿ, ಇದು ಇನ್ನೊಂದು. ಪಾಳಿಯ ಚೀಟಿ ಕಳೆದುಹೋಗಿ ಒಂದು ವರ್ಷ ಎರಡು ಮನೆಯವರು ಗುದ್ದಲಿ ಹಿಡಿದು ಜಗಳಕ್ಕೆ ನಿಂತಿದ್ದರು. ಅದು ಹೋದರೆ ಅಳುವವರಿದ್ದರು.

ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮದು ಎಂತ ಅಕ್ಕ? ಹೋದರೆ ಅಳುವಂಥದ್ದು?"

"ನಾನು ಅಳುವವಳಲ್ಲ."

"ಸಿಟ್ಟು ಬರುವಂಥದ್ದು?"

"ಬೀಜ."

ಸೆಕ್ರೆಟರಿ ನಕ್ಕರು. "ಅಮ್ಮ ಇನ್ನು ಕಂಪ್ಯೂಟರಿನಲ್ಲಿ ಹರಿವೆ ಬಿತ್ತುದು."

ಲೈನ್‌ಮ್ಯಾನ್ ನಗಲಿಲ್ಲ. ನೀವು ಬೀಜ ಇಡುವುದು ಹೇಗೆ ಎಂದು ಕೇಳಿದರು. ಹೇಳಿದೆ. ಒಣಗಿಸಿ, ಬೂದಿಯಲ್ಲಿ ಬೆರೆಸಿ, ಡಬ್ಬಿಗೆ ಹಾಕುವುದು. ಒಂದು ಬೀಜಕ್ಕೆ ಮೂರು ಡಬ್ಬಿ. ಒಂದು ನಮ್ಮ ಮನೆಯಲ್ಲಿ, ಒಂದು ಹತ್ತಿರದವರ ಮನೆಯಲ್ಲಿ, ಒಂದು ಹೊಳೆಯಾಚೆ. ನಮ್ಮಲ್ಲಿ ಹುಳ ಬಿದ್ದರೆ ಪಕ್ಕದ ಮನೆಯಲ್ಲಿ ಕೇಳಬಹುದು, ಹೊಳೆ ಉಕ್ಕಿ ಈಚೆ ದಡ ಹೋದರೆ ಆಚೆಯಿಂದ ತರಬಹುದು. ಡಬ್ಬಿಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಾರದು. ಪ್ರತಿ ವರ್ಷ ಬಿತ್ತಿ ನೋಡಬೇಕು, ಮೊಳಕೆ ಬಂದರೆ ಮಾತ್ರ ಅದು ಬೀಜ. ಯಾರಾದರೂ ಬೀಜ ಕೇಳಿದರೆ ಬಗ್ಗಿಸಿ ಅಳೆದು ಕೊಡಬಾರದು, ಡಬ್ಬಿ ಸಮೇತ ಕೊಡಬೇಕು. ಬೆಳೆ ಬಂದ ಮೇಲೆ ಅವರು ಹೊಸ ಬೀಜ ತುಂಬಿಸಿ ಅದೇ ಡಬ್ಬಿಯನ್ನು ಹಿಂದೆ ಕೊಡುತ್ತಾರೆ.

ಲೈನ್‌ಮ್ಯಾನ್ ಪೆನ್ಸಿಲು ಕೆಳಗಿಟ್ಟರು. "ಇದನ್ನು ನಾನು ಪುಸ್ತಕ ನೋಡಿ ಕಲಿತದ್ದು ಅಕ್ಕ. ನೀವು ಯಾರಿಂದ ಕಲಿತದ್ದು?"

"ಅತ್ತೆಯಿಂದ."

"ಅವರು?"

"ಅವರ ಅತ್ತೆಯಿಂದ ಇರಬೇಕು. ನಾನು ಕೇಳಲಿಲ್ಲ. ಬೈತಿದ್ದರು."

ಹಾಳೆಯಲ್ಲಿ ಮೂರನೆಯದು ಬರೆದರು: ಬೀಜದ ಪುಸ್ತಕ. ಯಾವ ಬೀಜ ಯಾರ ಮನೆಯಲ್ಲಿ ಉಂಟು, ಯಾವ ವರ್ಷದ್ದು, ಯಾರಿಂದ ಬಂದದ್ದು. ನಾನು ಹೇಳುವುದು, ಅವರು ಟೈಪ್ ಹೊಡೆಯುವುದು. ಹೊಳೆಯಾಚೆಯ ಡಬ್ಬಿ ಬಾಡಿಗೆ ಕಂಪ್ಯೂಟರು ಎಂದಾಯಿತು. ಅದರಲ್ಲಿದ್ದದ್ದರ ನಕಲು ವಾರಕ್ಕೊಮ್ಮೆ ಇಳಿದು ಬರುವ ಸಣ್ಣ ಡಬ್ಬಿಯಂಥದ್ದು ಒಂದು ಟೈಲರ್ ಮನೆಯಲ್ಲಿ, ಇನ್ನೊಂದು ಅವರ ಕೋಣೆಯಲ್ಲಿ. ಅದಕ್ಕೆ ಡಿಸ್ಕ್ ಎನ್ನುತ್ತಾರೆ. ಕದ್ದವರಿಗೆ ಸಿಗಬಾರದು ಎಂದು ಡಿಸ್ಕಿಗೆ ಬೀಗ.

ಟೈಲರಿಗೆ ಈ ಕಂಪ್ಯೂಟರಿನ ಕೆಲಸವನ್ನೂ ಕಲಿಸಿದರು. ಅವಳು ಹೆದರಿದಾಗ, "ಬ್ಲೌಸಿನ ಕಂಕುಳು ಹೊಲಿಯಲು ಬರುವವಳಿಗೆ ಇದು ಎಂತದ್ದು," ಎನ್ನುತ್ತಿದ್ದರು.

ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಕಂಪ್ಯೂಟರನ್ನು ನಮ್ಮ ಜಗಲಿಗೆ ತಂದರು. ಟೈಲರನ್ನೂ ಕರೆದರು. ನನ್ನ ಬೆರಳನ್ನು ಒಂದು ಗುಂಡಿಯ ಮೇಲೆ ಇಡಿಸಿದರು.

"ಒತ್ತಿ ಅಕ್ಕ."

"ಒತ್ತಿದರೆ ಎಂತ ಆಗ್ತದೆ?"

"ಅಲ್ಲಿ ಇರುದೆಲ್ಲ ಅಳಿಸಿಹೋಗ್ತದೆ. ಫೋಟೊ, ಪಾಳಿ, ನಿಮ್ಮ ಬೀಜ, ಇವಳ ಗಂಡನ ಸ್ವರ."

ಟೈಲರ್ ಅವರ ಕೈ ಹಿಡಿದುಕೊಂಡಳು. ಬೇಡ ಎಂದಳು. ಲೈನ್‌ಮ್ಯಾನ್ ಕೈ ಬಿಡಿಸಿಕೊಳ್ಳಲಿಲ್ಲ. "ಮೊಳಕೆ ಬಾರದಿದ್ದರೆ ಅದು ಬೀಜ ಅಲ್ಲ ಅಂತ ಹೇಳಿದ್ದು ಈ ಅಕ್ಕ. ನಾನು ಬದುಕಿರುವಾಗಲೇ ಬಿತ್ತಿ ನೋಡುವ."

ನಾನು ಒತ್ತಿದೆ. ಟೈಲರಿನ ಫೋನಿನಲ್ಲಿ ಎಲ್ಲವೂ ಬೋಳಾಯಿತು. ಲೈನ್‌ಮ್ಯಾನ್ ಚಾ ಕೇಳಿದರು. ಆಮೇಲೆ ಅವಳ ಮನೆಯ ಡಿಸ್ಕನ್ನು ಸಿಕ್ಕಿಸಿ, ಬೀಗದ ಶಬ್ದಗಳನ್ನು ಹೊಡೆದು, ಕಾಲು ಚಾಚಿ ಕುಳಿತರು. ಒಂದು ಗಂಟೆಯ ಮೇಲೆ ಅವಳ ಫೋನಿನಿಂದ ಅವನು ಕೇಳಿದ, ಬಂಗುಡೆ ತರುದಾ, ಬೂತಾಯಿ ತರುದಾ. ನಾನು ಹೆರಿಗೆ ನೋಡಿದ್ದೇನೆ, ಹೊಳೆ ಮನೆಯೊಳಗೆ ಬಂದದ್ದು ನೋಡಿದ್ದೇನೆ. ಇದನ್ನು ನೋಡಿದ ದಿನ ನನಗೆ ಊಟ ರುಚಿಸಲಿಲ್ಲ. ತಾನು ವರ್ಷವಿಡೀ ಕಾದದ್ದನ್ನು ತಾನೇ ಹೇಳಿ ಅಳಿಸುವ ಧೈರ್ಯ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂದು ಯೋಚಿಸಿದೆ. ಆಮೇಲೆ ಪ್ರತಿ ವರ್ಷ ಹಾಗೆ ಮಾಡಿಸಿದರು. ಪ್ರತಿ ವರ್ಷ ನನ್ನ ಬೆರಳೇ.

ಆ ಬೀಗದ ಶಬ್ದಗಳ ಕತೆ ಹೇಳಬೇಕು. ಒಂದಕ್ಕೊಂದು ಸಂಬಂಧ ಇಲ್ಲದ ಹನ್ನೆರಡು ಶಬ್ದ ಬೇಕು, ಯಾರಿಗೂ ಊಹಿಸಲು ಆಗಬಾರದು, ನೀವು ಹೇಳಿ ಎಂದು ನನ್ನನ್ನು ಕೂರಿಸಿದ್ದರು. ನಾನು ಗಂಜಿ ಎಂದೆ. ಬರೆದುಕೊಂಡರು. ಉಪ್ಪಿನಕಾಯಿ ಎಂದೆ.

"ಅದು ಗಂಜಿಯ ಹಿಂದೆಯೇ ಬಂತು. ಬೇಡ. ಬೇರೆ."

ಏಡಿ ಎಂದೆ, ಆಯಿತು. ಕೊಡೆ ಎಂದೆ, ಆಯಿತು. ಮಳೆ ಎಂದೆ, ಬೈಸಿಕೊಂಡೆ. ಹೀಗೆ ಹನ್ನೊಂದು ಮಾಡುವಾಗ ನನಗೆ ಸಾಕಾಯಿತು. ಸಂಬಂಧ ಇಲ್ಲದ್ದು, ಸಂಬಂಧ ಇಲ್ಲದ್ದು ಎಂದು ತಲೆ ತಿಂದರು.

"ಹಾಗಾದರೆ ಬರೆಯಿರಿ ಮಾರಾಯ್ರೆ," ಎಂದೆ. "ನನ್ನ ಗಂಡ ಮತ್ತು ಕೆಲಸ."

ಅವರು ನಕ್ಕದ್ದು ನಾನು ನೋಡಿದ್ದು ಆಗ ಮಾತ್ರ. ಮೆಟ್ಟಿಲಿನಿಂದ ಜಾರುವಷ್ಟು ನಕ್ಕರು. ಆಮೇಲೆ ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ, ನನಗೆ ಓದಲು ಆಗುವ ಹಾಗೆ ಬರೆದು, ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಡಿಸ್ಕ್ ಅವಳಲ್ಲಿ, ಬೀಗದ ಕೈ ನಿಮ್ಮಲ್ಲಿ. ಶಬ್ದಗಳನ್ನು ಮರೆತುಬಿಡಿ. ಕಾಗದ ಇಟ್ಟ ಜಾಗ ಮರೆಯಬೇಡಿ."

ಎಲ್ಲವನ್ನೂ ಮೂರು ಮೂರು ಇಡುತ್ತಿದ್ದ ಮನುಷ್ಯ ಆ ಕಾಗದವನ್ನು ಮಾತ್ರ ಒಂದೇ ಬರೆದರು. ಇನ್ನೊಂದು ಅವರ ತಲೆಯಲ್ಲಿತ್ತು. ಈ ಅಕ್ಕ ಕಳೆದುಹಾಕುವವಳಲ್ಲ ಎಂದು ನಂಬಿದ್ದರು.

ನಾನು ಅದನ್ನು ಮುಳ್ಳುಸೌತೆ ಬೀಜದ ಡಬ್ಬಿಯಲ್ಲಿ, ಬೂದಿಯ ಅಡಿಯಲ್ಲಿ ಇಟ್ಟೆ. ಹಾಲಿನ ಪುಡಿಯ ಹಳೇ ತಗಡಿನ ಡಬ್ಬಿ. ಪ್ರತಿ ವರ್ಷ ಬೂದಿ ಬದಲಿಸುವಾಗ ಕಾಗದ ಅಲ್ಲೇ ಉಂಟು ಎಂದು ನೋಡಿ ಮುಚ್ಚುತ್ತಿದ್ದೆ.

ಹೋದ ವರ್ಷ, ಜಾತ್ರೆ ಕೋಲಗಳಿಗೆಲ್ಲ ತೆರೆ ಬೀಳುವ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು ಬೆಟ್ಟಂಪಾಡಿಯಿಂದ ನನ್ನ ತಂಗಿಯ ಮಗಳು ಬಂದಳು. ಅವಳ ಬೀಜವನ್ನೆಲ್ಲ ಹೆಗ್ಗಣ ತಿಂದಿತ್ತು. "ದೊಡ್ಡಮ್ಮ, ಮುಳ್ಳುಸೌತೆ ಉಂಟಾ?" ಎಂದಳು. ಉಂಟು ಎಂದೆ. ಅಳೆಯಬಾರದು, ಬಗ್ಗಿಸಬಾರದು. ಡಬ್ಬಿ ಸಮೇತ ಎತ್ತಿ ಕೊಟ್ಟೆ. ನಲವತ್ತೈದು ವರ್ಷದಿಂದ ಮಾಡಿದ ಕೆಲಸ, ಕೈ ತಾನಾಗಿ ಮಾಡಿತು. ಕಾಗದದ ನೆನಪು ಬರಲೇ ಇಲ್ಲ.

ಜಡಿಮಳೆಯ ಆಟಿ ತಿಂಗಳಿನಲ್ಲಿ ಲೈನ್‌ಮ್ಯಾನ್ ಹೋದರು. ಬೆಳಿಗ್ಗೆ ಪುತ್ತೂರಿಗೆಂದು ಹೊರಟವರು ಬಸ್ಸು ಕಾಯುವ ಶೆಡ್ಡಿನಲ್ಲಿ ಕುಳಿತಲ್ಲೇ ಹೋಗಿದ್ದರು. ಕೊಡೆ ಮಡಚಿ ಮಡಿಲಲ್ಲಿತ್ತು. ಅವರ ಅಣ್ಣನ ಕಡೆಯವರು ಬಂದರು, ಕ್ರಿಯೆಯ ಕೆಲಸ ಮುಗಿಸಿ ಟ್ರಂಕು, ಕಂಪ್ಯೂಟರು, ಕೋಣೆಯ ಡಿಸ್ಕು ಎಲ್ಲ ತುಂಬಿಸಿಕೊಂಡು ಹೋದರು. ಏಣಿ ಉಳಿಯಿತು. ಹನ್ನೆರಡು ಶಬ್ದ ಇದ್ದ ತಲೆ ಸುಟ್ಟು ಬೂದಿಯಾಯಿತು.

ಬಾಡಿಗೆ ಅವರ ಹೆಸರಿನಲ್ಲಿತ್ತು. ಬ್ಯಾಂಕಿನ ಖಾತೆ ನಿಂತ ಕೂಡಲೇ ಬಾಡಿಗೆಯೂ ನಿಂತಿತು. ತಿಂಗಳು ಕಳೆಯುವಾಗ ಟೈಲರ್ ಓಡಿ ಬಂದಳು. ಫೋನು ಬೋಳಾಗಿತ್ತು. ಆ ಸ್ವರವನ್ನು ಅವಳ ಫೋನು ಅಲ್ಲಿಂದ ತಂದು ಕೇಳಿಸುತ್ತಿತ್ತೇ ಹೊರತು ತನ್ನಲ್ಲಿ ಇಟ್ಟುಕೊಂಡಿರಲಿಲ್ಲ. ರಿಕ್ಷಾದವನ ಫೋನು ಎಂದೋ ಗುಜರಿಗೆ ಹೋಗಿತ್ತು.

"ಹೆದರಬೇಡ. ಡಿಸ್ಕ್ ಉಂಟಲ್ಲ," ಎಂದೆ.

"ಡಿಸ್ಕ್ ಉಂಟು. ಬೇರೆ ಬಾಡಿಗೆಯನ್ನು ನಾನೇ ಹಿಡಿತೇನೆ, ಮಾಡಲು ಗೊತ್ತುಂಟು. ಕಾಗದ ಕೊಡಿ ಅಮ್ಮ."

ನಾನು ಒಳಗೆ ಹೋಗಿ ಡಬ್ಬಿಗೆ ಕೈ ಚಾಚಿದೆ. ಡಬ್ಬಿ ಇದ್ದ ಜಾಗ ಖಾಲಿ.

ಅವಳಿಗೆ ಆಗಲೇ ಹೇಳಿದೆ, ಮುಚ್ಚಿಡಲಿಲ್ಲ. ಅವಳು ಬೈದಿದ್ದರೆ ಒಳ್ಳೆಯದಿತ್ತು. "ಹೋಯಿತಾ?" ಎಂದು ಮಾತ್ರ ಕೇಳಿದಳು.

"ಹೋಯಿತು ಅಂತ ಹೇಳಬೇಡ," ಎಂದೆ. "ಗೊತ್ತಿಲ್ಲ ಅಂತ ಹೇಳು."

ಮೊದಲ ಬಸ್ಸಿಗೆ ಪುತ್ತೂರು, ಅಲ್ಲಿಂದ ಬೆಟ್ಟಂಪಾಡಿ. ತಂಗಿಯ ಮಗಳು ನನ್ನನ್ನು ಕಂಡು ಗಾಬರಿಯಾದಳು. ಯಾರಾದರೂ ತೀರಿಹೋದರಾ ಎಂದು ಕೇಳಿದಳು. ಡಬ್ಬಿ ಎಂದೆ.

"ಡಬ್ಬಿಯಾ? ನನಗೆ ಬೇಕಾದಷ್ಟು ಬಿತ್ತಿ ಜಾಲ್ಸೂರಿನ ನಾದಿನಿಗೆ ಕೊಟ್ಟೆ ದೊಡ್ಡಮ್ಮ. ಡಬ್ಬಿ ಸಮೇತವೇ ಕೊಟ್ಟದ್ದು. ಬಗ್ಗಿಸಬಾರದು ಅಂತ ನೀವೇ ಹೇಳಿದ್ದಲ್ಲ."

ಊಟ ಮಾಡಿ ಹೋಗಿ ಎಂದಳು. ನಿಲ್ಲಲಿಲ್ಲ. ಮತ್ತೆ ಪುತ್ತೂರು, ಸುಳ್ಯದ ಬಸ್ಸು, ಜಾಲ್ಸೂರಿನಲ್ಲಿ ಇಳಿದು ಕೇಳುತ್ತಾ ಹೋದೆ. ನಾದಿನಿ ಎಂಬವಳು ಅಂಗಳದಲ್ಲೇ ಸಿಕ್ಕಿದಳು. ಗಟ್ಟಿ ಹೆಂಗಸು, ಮಾತು ಜೋರು. ಡಬ್ಬಿ ತಂದು ಕೊಟ್ಟಳು. ತೊಳೆದು, ಒಣಗಿಸಿ, ಹೊಸ ಬೀಜ, ಹೊಸ ಬೂದಿ ತುಂಬಿಸಿ ಇಟ್ಟಿದ್ದಳು. ನಾನು ಕ್ರಮ ಮುರಿದು ಅಲ್ಲೇ ಅಕ್ಕಿ ಕೇರುವ ಗೆರಸಿಗೆ ಬಗ್ಗಿಸಿದೆ. ಕಾಗದ ಇಲ್ಲ.

"ಎಂತ ಹುಡುಕುದು?"

"ಇದರ ಅಡಿಯಲ್ಲಿ ಒಂದು ಕಾಗದ ಇತ್ತು."

ಅವಳ ಸ್ವರ ಇಳಿಯಿತು. ಅತ್ತ ಇತ್ತ ನೋಡಿ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. "ಮಂತ್ರದ ಕಾಗದವಲ್ಲವಾ? ಅದನ್ನು ಬಿಸಾಡ್ತಾರಾ ಅಮ್ಮ?"

"ಮಂತ್ರವಾ?"

"ಬಿಚ್ಚಿ ಓದಿದೆ. ಗಂಜಿ ಏಡಿ ಕೊಡೆ ಅಂತೆಲ್ಲ ಉಂಟು. ತಲೆಬುಡ ಅರ್ಥ ಆಗಲಿಲ್ಲ. ಅರ್ಥ ಆಗದ್ದರಿಂದ ದೊಡ್ಡ ಮಂತ್ರವೇ ಇರಬೇಕು ಅಂತ ಗ್ರಹಿಸಿದೆ. ನಿಮ್ಮ ಬೀಜ ಒಂದೂ ಹಾಳಾಗುದಿಲ್ಲ ಅಂತ ನಿಮ್ಮ ತಂಗಿಯ ಮಗಳು ಯಾವಾಗಲೂ ಹೇಳ್ತಾಳೆ. ಇದರಿಂದಲೇ ಅಂತ ಚಪ್ಪರಕ್ಕೆ ಕಟ್ಟಿದೆ."

ಮುಳ್ಳುಸೌತೆಯ ಚಪ್ಪರದ ಕಂಬಕ್ಕೆ, ಕೆಂಪು ನೂಲಿನಲ್ಲಿ, ಪ್ಲಾಸ್ಟಿಕ್ ಸಮೇತ ಕಟ್ಟಿತ್ತು. 

"ಕಾಯಿ ಹೇಗೆ ಆಯಿತು?" ಎಂದು ಕೇಳಿದೆ, ಕೇಳದಿರಲು ಆಗಲಿಲ್ಲ.

"ಇಷ್ಟು ವರ್ಷದಲ್ಲಿ ಹೀಗೆ ಆದದ್ದಿಲ್ಲ. ಕೊಂಡುಹೋಗ್ತೀರಾ? ಒಂದು ನಕಲಾದರೂ ಬರೆದಿಡುತ್ತೇನೆ."

"ಬೇಡ. ಇದು ಬೇರೆಯವರ ಬೀಗದ ಮಂತ್ರ," ಎಂದೆ.

ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ಕಂಬದಿಂದ ಹತ್ತಿದ ಗೆದ್ದಲು ಒಂದು ಮೂಲೆ ತಿಂದಿತ್ತು. ಎಣಿಸಿದೆ. ಹನ್ನೊಂದು ಶಬ್ದ ಸರಿ ಇತ್ತು. ಹನ್ನೆರಡನೆಯದರ ಜಾಗದಲ್ಲಿ ತೂತು.

ಮರುದಿನ ಟೈಲರ್ ತನ್ನ ಹೆಸರಿನಲ್ಲಿ ಬೇರೆ ಬಾಡಿಗೆ ಹಿಡಿದಳು. ಸೆಕ್ರೆಟರಿ ಸೊಸೈಟಿಯ ಕಂಪ್ಯೂಟರನ್ನು ಹೊತ್ತು ತಂದು ನಮ್ಮ ಜಗಲಿಯಲ್ಲಿ ಇಟ್ಟರು. ಸಿನೆಮಾದ ಮಾತೆತ್ತಲಿಲ್ಲ. ಡಿಸ್ಕ್ ಸಿಕ್ಕಿಸಿ ಆಯಿತು. ಹನ್ನೊಂದು ಶಬ್ದ ಹೊಡೆದು ಟೈಲರ್ ನನ್ನ ಮುಖ ನೋಡಿದಳು.

ನಾನು ಮೆಟ್ಟಿಲನ್ನು ನೋಡುತ್ತಿದ್ದೆ. ಅವರು ಕುಳಿತಿದ್ದ ಮೆಟ್ಟಿಲು. ಅಲ್ಲಿಂದ ಜಾರುವಷ್ಟು ನಕ್ಕಿದ್ದರಲ್ಲ, ಯಾಕೆ ನಕ್ಕದ್ದು?

"ಗಂಡ," ಎಂದೆ.

"ಎಂತ?"

"ಗಂಡ ಅಂತ ಹೊಡಿ. ನನ್ನ ಗಂಡ. ಬೇಕಾದದ್ದು ಒಂದೇ ಶಬ್ದವಲ್ಲ, ಕೆಲಸ ಬೇಡ, ಗಂಡ ಮಾತ್ರ."

ಸೆಕ್ರೆಟರಿ ನನಗೆ ತಲೆ ಕೆಟ್ಟಿತು ಎಂದುಕೊಂಡ ಹಾಗೆ ಕಂಡಿತು. ಟೈಲರ್ ಹೊಡೆದಳು. ಬೀಗ ತೆರೆಯಿತು. ಒಂದು ಗಂಟೆ ಬಿಟ್ಟು ನೀರಿನ ಪಾಳಿ ಬಂತು, ನನ್ನ ಬೀಜದ ಪುಸ್ತಕ ಬಂತು, ಹದಿನಾಲ್ಕು ಮನೆಯ ಮದುವೆ, ಮಗು, ಮುದುಕರು ಎಲ್ಲ ಒಬ್ಬೊಬ್ಬರಾಗಿ ಬಂದರು. ಕೊನೆಗೆ ಅವನೂ ಬಂದು ಕೇಳಿದ. ಟೈಲರ್ ಬೂತಾಯಿ ಎಂದಳು.

ಸತ್ತು ಎರಡು ತಿಂಗಳಾಗುತ್ತಾ ಬಂದ ಮನುಷ್ಯ ಕಟ್ಟಿ ಹೋದದ್ದು, ಗೆದ್ದಲು ತಿಂದ ಕಾಗದದಿಂದ ಎದ್ದು ನಿಂತಿತು. ತಪ್ಪು ನನ್ನದು, ಅವರದ್ದಲ್ಲ. ಅವರದ್ದೂ ಸ್ವಲ್ಪ ಉಂಟು, ಒಂದೇ ಕಾಗದ ಬರೆದದ್ದು. ಆದರೆ ನನ್ನನ್ನು ನಂಬಿ ಮಾಡಿದ ತಪ್ಪನ್ನು ನಾನು ಹೇಗೆ ಬೈಯಲಿ.

ಆ ಸಂಜೆಯೇ ಬೇರೆ ಹನ್ನೆರಡು ಶಬ್ದ ಆರಿಸಿದೆವು. ಈ ಸಲ ಗಂಡ ಇಲ್ಲ. ಟೈಲರ್ ಮೂರು ಕಾಗದ ಬರೆದಳು. ಒಂದು ನನ್ನಲ್ಲಿ ಉಳಿಯಿತು, ಒಂದನ್ನು ಸೆಕ್ರೆಟರಿ ಹೊತ್ತಿಳಿಯುವ ಮೊದಲೇ ಹೊಳೆಯಾಚೆ ಅವರ ತಂಗಿಯ ಮನೆಗೆ ಮುಟ್ಟಿಸಿ ಬಂದರು, ಒಂದು ಸೊಸೈಟಿಯ ಕಪಾಟಿಗೆ ಹೋಯಿತು. ಯಾವುದನ್ನೂ ಬೀಜದ ಡಬ್ಬಿಯಲ್ಲಿ ಇಡಲಿಲ್ಲ.

ಮಾರನೆಯ ಬೆಳಿಗ್ಗೆ ಆಟಿಯ ಮಳೆ ಕಳೆದು ಸೋಣ ತಿಂಗಳ ಬಿಸಿಲು ಬಿದ್ದಿತ್ತು. ಸೊಸೈಟಿಯ ಕಂಪ್ಯೂಟರು ರಾತ್ರಿಯೇ ಟೈಲರ್ ಅಂಗಡಿಗೆ ಇಳಿದಿತ್ತು. ನಾನು ಅಲ್ಲಿಗೆ ಹೋಗಿ, ಕಂಪ್ಯೂಟರು ತೆರೆ ಎಂದೆ. ತೆರೆದಳು. ಡಿಸ್ಕಿಗೆ ಎಲ್ಲವೂ ಇಳಿದಿದೆಯಾ ಎಂದು ಕೇಳಿದೆ. ಇಳಿದಿದೆ ಎಂದಳು.

"ಅಳಿಸುವ ಗುಂಡಿ ಯಾವುದು?"

"ಅಮ್ಮ, ನಿನ್ನೆಯಷ್ಟೇ ಬಂದದ್ದು."

"ಅದಕ್ಕೇ. ಕಾಗದ ಹೊಸದು. ಬಿತ್ತಿ ನೋಡಬೇಕು."

ಅವಳು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. ಆಮೇಲೆ ತೋರಿಸಿದಳು. ನಾನು ಒತ್ತಿದೆ. ಅವಳು ಡಿಸ್ಕ್ ಸಿಕ್ಕಿಸಿ, ನನ್ನ ಕಾಗದ ನೋಡಿ ಹೊಸ ಶಬ್ದಗಳನ್ನು ಹೊಡೆದಳು. ಅದು ತಿರುಗಿ ಬರುವುದಕ್ಕೆ ಒಂದು ಗಂಟೆ ಬೇಕಿತ್ತು. ಅಷ್ಟರಲ್ಲಿ ಜಾಲ್ಸೂರಿನಿಂದ ತಂದ ಬೀಜವನ್ನು ಅವಳ ಅಂಗಡಿಯ ಮುಂದೆ ಗೆರಸಿಯಲ್ಲಿ ಹರಡಿ, ಬಿಸಿಲು ಸರಿದ ಹಾಗೆ ಗೆರಸಿಯನ್ನೂ ಸರಿಸುತ್ತಾ ಕುಳಿತೆ.